ಮುಪ್ಪು, ನರ ಮತ್ತು ಮೂತ್ರಪಿಂಡ

ಹೃದಯ ಹೊರದೂಡುವ ರಕ್ತದ ಐದನೆಯ ಒಂದು ಪಾಲು ಹೋಗುವುದು ಮುಷ್ಟಿಗಾತ್ರದ ಎರಡು ಮೂತ್ರಪಿಂಡಗಳಿಗೆ. ದಿನವೊಂದಕ್ಕೆ ಸುಮಾರು 180 ಲೀಟರ್ ದ್ರವ ಅಲ್ಲಿ ಸೋಸಲ್ಪಡುತ್ತದೆ! ಒಂದೂವರೆ ಲೀಟರಿನಷ್ಟು ಮೂತ್ರವಾಗಿ, ಉಳಿದದ್ದು ರಕ್ತಕ್ಕೇ ಮರಳುತ್ತದೆ.

ಸೋಸಲು ಒತ್ತಡ ಬೇಕು, ಆದರೆ ಮಿತವಾಗಿ. ಎಳೆಯ ವಯಸ್ಸಿನಲ್ಲಿ ಮಹಾಪಧಮನಿ ರಬ್ಬರಿನಂತೆ ಹಿಗ್ಗಿ ಪ್ರತಿ ಬಡಿತದ ಹೊಡೆತವನ್ನು ತಾನೇ ನುಂಗಿಕೊಳ್ಳುತ್ತದೆ. ವಯಸ್ಸಾದಂತೆ ಅದು ಪೆಡಸಾಗುತ್ತದೆ. ಆಗ ಹೊಡೆತ ಬೀಳುವುದು ಮೂತ್ರಪಿಂಡದೊಳಗಿನ ಕೂದಲಿಗಿಂತ ತೆಳುವಾದ ನಾಳಗಳ ಗೊಂಚಲುಗಳ ಮೇಲೆ. ಅವು ಒಂದೊಂದಾಗಿ ಗಾಯಗೊಂಡು ಮುಚ್ಚಿಹೋಗುತ್ತವೆ, ನೋವೇ ಇರುವುದಿಲ್ಲ.

ಇನ್ನು ನರಗಳು. 1859ರಲ್ಲಿ ಫ್ರಾನ್ಸಿನ ಕ್ಲಾಡ್ ಬರ್ನಾರ್ಡ್ ಪ್ರಾಣಿಯೊಂದರಲ್ಲಿ ಮೂತ್ರಪಿಂಡದ ಕಡೆಗಿನ ನರ ಕತ್ತರಿಸಿದಾಗ ಮೂತ್ರ ಹೆಚ್ಚಿತು. ಅಂದರೆ ಈ ಸಿಂಪಥೆಟಿಕ್ ನರಗಳದು ತಡೆಯುವ ಕೆಲಸ: ನಾಳವನ್ನು ಬಿಗಿಯುತ್ತವೆ, ಉಪ್ಪು ನೀರು ಉಳಿಸುತ್ತವೆ, ರೆನಿನ್ ಸ್ರವಿಸುವಂತೆ ಮಾಡಿ ರಕ್ತದೊತ್ತಡ ಏರಿಸುತ್ತವೆ. ಮುಪ್ಪಿನಲ್ಲಿ ಇವುಗಳ ಚಟುವಟಿಕೆ ಹೆಚ್ಚು. ಕಾಯಿಲೆಬಿದ್ದ ಮೂತ್ರಪಿಂಡವೂ ಮಿದುಳಿಗೆ ಸಂದೇಶ ಕಳಿಸಿ ಇವನ್ನು ಇನ್ನಷ್ಟು ಕೆರಳಿಸುತ್ತದೆ. ಅಧಿಕ ರಕ್ತದೊತ್ತಡದ ರೋಗಿಗಳಲ್ಲಿ ರಕ್ತನಾಳದೊಳಗಿಂದಲೇ ಈ ನರಗಳನ್ನು ನಿಷ್ಕ್ರಿಯಗೊಳಿಸುವ ಸಾಧನಗಳಿಗೆ ಅಮೆರಿಕ 2023ರಲ್ಲಿ ಒಪ್ಪಿಗೆ ಕೊಟ್ಟಿತು.

ಮನೆಮಂದಿ ಗಮನಿಸಬೇಕಾದ್ದು ಮಾತ್ರೆ ಡಬ್ಬಿಯನ್ನು. ರಕ್ತದ ಹರಿವು ಕುಗ್ಗಿದಾಗ ನಾಳವನ್ನು ತೆರೆದಿಡುವ ವಸ್ತು ಪ್ರೊಸ್ಟಗ್ಲಾಂಡಿನ್. ಮಂಡಿನೋವಿಗೆ ಅಜ್ಜ ಅಂಗಡಿಯಿಂದ ತರಿಸುವ ಡೈಕ್ಲೋಫೆನಾಕ್, ಐಬುಪ್ರೊಫೇನ್ ಮಾತ್ರೆಗಳು ಅದನ್ನೇ ತಡೆಯುತ್ತವೆ. ವಾಂತಿಭೇದಿಯಾಗಿ ಮೈಯ ನೀರು ಇಳಿದ ದಿನ ಇದು ನಿಜಕ್ಕೂ ಅಪಾಯ. ಕ್ರಿಯಾಟಿನಿನ್ ಪರೀಕ್ಷೆಯೊಂದನ್ನೇ ನಂಬುವಂತಿಲ್ಲ; ಅದು ಸ್ನಾಯುಗಳಿಂದ ಬರುವ ವಸ್ತು, ಬಡಕಲಾದ ವೃದ್ಧರಲ್ಲಿ ಅಂಕಿ ಸರಿಯಾಗಿಯೇ ಕಾಣಬಹುದು. ಮೂತ್ರದಲ್ಲಿ ಆಲ್ಬುಮಿನ್ ಸೋರುತ್ತಿದೆಯೇ ಎಂದೂ ನೋಡಿಸಬೇಕು.