ಅಂಗಳದ ಹಳೆಯ ಕಾರು

ನಮ್ಮ ಮನೆಗೆ ಬರುವ ಬಂಧುಗಳಲ್ಲಿ ಹೆಚ್ಚಿನವರು ಚಪ್ಪಲಿ ಕಳಚುವ ಮೊದಲೇ ಕೇಳುವ ಪ್ರಶ್ನೆಯೊಂದುಂಟು: "ಇದನ್ನಿನ್ನೂ ಮಾರಿಲ್ಲೇನ್ರಿ?" ಅಂಗಳದ ಬೇವಿನ ಮರದ ಕೆಳಗೆ ನಿಂತಿರುವ, ನಮ್ಮ ತಂದೆಯವರು 1994ರಲ್ಲಿ ಕೊಂಡ ಬಿಳಿಯ ಮಾರುತಿ 800 ಕಾರನ್ನು ಕುರಿತ ಮಾತಿದು. ಮಾರಿಲ್ಲ, ಮಾರುವ ವಿಚಾರವೂ ಸದ್ಯಕ್ಕಿಲ್ಲ. ಮೂವತ್ತು ವರ್ಷ ದಾಟಿದ ಈ ಗಾಡಿ ಇಂದಿಗೂ ಸಂತೆಗೆ, ಆಸ್ಪತ್ರೆಗೆ, ಮದುವೆಯ ಮನೆಗೆ ನಮ್ಮನ್ನು ಹೊತ್ತೊಯ್ಯುತ್ತಿದೆ. ಅದಕ್ಕೆ ಬೇಕಾದ ಆರೈಕೆಯ ಬಹುಭಾಗ ಮನೆಯಲ್ಲಿಯೇ, ನಮ್ಮ ಕೈಗಳಿಂದಲೇ ನಡೆಯುತ್ತದೆ. ಅದು ಹೇಗೆ ನಡೆಯುತ್ತದೆ ಎಂಬುದನ್ನೂ, ಆ ಕೈಗಳು ಒಮ್ಮೆ ಎಂತಹ ತಪ್ಪು ಮಾಡಿದವು ಎಂಬುದನ್ನೂ ಓದುಗರ ಮುಂದಿಡಬೇಕೆಂದು ಬಹುದಿನಗಳಿಂದ ಅನ್ನಿಸುತ್ತಿತ್ತು.

ಜಪಾನಿನ ಸುಜುಕಿ ಸಂಸ್ಥೆಯ ಸಹಯೋಗದಿಂದ ಗುಡಗಾಂವಿನ ಕಾರಖಾನೆಯಲ್ಲಿ ಸಿದ್ಧವಾದ ಮೊದಲ ಮಾರುತಿ 800 ಗ್ರಾಹಕರ ಕೈ ಸೇರಿದ್ದು 1983ರ ಡಿಸೆಂಬರ್ 14ರಂದು. 2014ರ ಜನವರಿಯಲ್ಲಿ ಅದರ ತಯಾರಿಕೆ ನಿಂತಿತು. ಈ ಮೂವತ್ತು ವರ್ಷಗಳಲ್ಲಿ 25 ಲಕ್ಷಕ್ಕೂ ಮಿಕ್ಕಿ ಕಾರುಗಳು ರಸ್ತೆಗಿಳಿದವು. ಇಷ್ಟೊಂದು ಗಾಡಿಗಳು ಬಂದುದರಿಂದಲೇ ಇದರ ಬಿಡಿಭಾಗಗಳು ಈಗಲೂ ಸಣ್ಣ ಊರುಗಳ ಅಂಗಡಿಗಳಲ್ಲಿ ದೊರೆಯುತ್ತವೆ. 796 ಸಿ.ಸಿ.ಯ ಮೂರು ಸಿಲಿಂಡರಿನ ಎಂಜಿನ್, 12 ಅಂಗುಲದ ಪುಟ್ಟ ಗಾಲಿಗಳು, ಸುಮಾರು 650 ಕೆ.ಜಿ. ತೂಕ. ನಮ್ಮದು ಕಾರ್ಬ್ಯುರೇಟರ್ ಇರುವ ಹಳೆಯ ಮಾದರಿ. ಬಾನೆಟ್ ಎತ್ತಿದರೆ ಯಾವುದು ಎಲ್ಲಿದೆ ಎಂಬುದು ಹಗಲಿನಷ್ಟು ಸ್ಪಷ್ಟ. ಇಂದಿನ ಹೊಸ ಕಾರುಗಳ ಬಾನೆಟ್ ತೆರೆದರೆ ದೊಡ್ಡದೊಂದು ಪ್ಲಾಸ್ಟಿಕ್ ಮುಚ್ಚಳ ನಮ್ಮನ್ನು ಸ್ವಾಗತಿಸುತ್ತದೆ. ಮನೆಯವರು ಒಳಗೆ ಬರಬಾರದೆಂಬ ಸೂಚನೆಯೋ ಏನೋ!

ತಂದೆಯವರು ಯಂತ್ರಶಾಸ್ತ್ರ ಓದಿದವರಲ್ಲ. ಕಾರಿನೊಡನೆ ಬಂದ ಕೈಪಿಡಿ, ಒಂದು ಕಟ್ಟು ಪಾನಾ, ಎರಡು ಸ್ಕ್ರೂಡ್ರೈವರ್, ಹಳೆಯ ಧೋತರದ ಚೂರುಗಳು, ಇವಿಷ್ಟೇ ಅವರ ಸಾಮಗ್ರಿ. ಜೊತೆಗೊಂದು ನೋಟುಬುಕ್ಕು. ಎಂದು ಏನು ಬದಲಾಯಿತು, ಆಗ ಎಷ್ಟು ಕಿಲೋಮೀಟರ್ ಓಡಿತ್ತು, ಎಷ್ಟು ಹಣ ಬಿತ್ತು ಎಂಬುದನ್ನೆಲ್ಲ ಅದರಲ್ಲಿ ಬರೆದಿಡುತ್ತಿದ್ದರು. 2005ರಲ್ಲಿ ಅವರು ತೀರಿಕೊಂಡ ಬಳಿಕ ಕಾರಿನ ಜೊತೆಗೆ ಆ ನೋಟುಬುಕ್ಕೂ ನಮ್ಮ ಪಾಲಿಗೆ ಬಂದಿತು.

ಕಲಿಯಲು ಹೊರಟವರಿಗೆ ಎಂಜಿನ್ ಎಣ್ಣೆಯ ಬದಲಾವಣೆಯೇ ಮೊದಲ ಪಾಠ. ಎಂಜಿನ್ ತುಸು ಬೆಚ್ಚಗಾದಾಗ ಎಣ್ಣೆ ತೆಳುವಾಗಿ, ತಳದ ಕೊಳೆಯನ್ನೂ ಕರೆದುಕೊಂಡು ಇಳಿಯುತ್ತದೆ. ತಣ್ಣಗಿದ್ದಾಗ ಕೊಳೆ ಅಲ್ಲಿಯೇ ಉಳಿಯುತ್ತದೆ. ಹೊಸ ಫಿಲ್ಟರಿನ ರಬ್ಬರ್ ಬಳೆಗೆ ಒಂದು ಬೆರಳು ಎಣ್ಣೆ ಸವರಿ ಕೈಯಿಂದಲೇ ಬಿಗಿಯಬೇಕು. ಪಾನಾ ಹಾಕಿ ಬಿಗಿದರೆ ಮುಂದಿನ ಸಲ ಬಿಚ್ಚುವಾಗ ದೇವರೇ ಗತಿ. ತೆಗೆದ ಎಣ್ಣೆಯನ್ನು ಗಟಾರಕ್ಕೆ ಸುರಿಯದೆ ಡಬ್ಬಿಯಲ್ಲಿ ತುಂಬಿ ಗ್ಯಾರೇಜಿಗೆ ಕೊಡುವುದು ನಮ್ಮ ರೂಢಿ.

ನಮಗೆ ಎಲ್ಲಕ್ಕಿಂತ ಇಷ್ಟವಾದ ಕೆಲಸ ಸ್ಪಾರ್ಕ್ ಪ್ಲಗ್ಗುಗಳದು. ಮೂರೇ ಪ್ಲಗ್ಗುಗಳು, ವಾಯರುಗಳು ಅದಲುಬದಲಾಗದಂತೆ ಒಂದೊಂದಾಗಿ ಬಿಚ್ಚಬೇಕು. ವೈದ್ಯರು ನಾಲಿಗೆ ನೋಡಿ ರೋಗ ಹೇಳುವಂತೆ, ಪ್ಲಗ್ಗಿನ ತುದಿ ನೋಡಿ ಎಂಜಿನ್ನಿನ ಆರೋಗ್ಯ ಹೇಳಬಹುದು. ತೆಳು ಕಂದು ಬಣ್ಣವಿದ್ದರೆ ಚಿಂತೆಯಿಲ್ಲ. ಒಣ ಕರಿಮಸಿ ಹಿಡಿದಿದ್ದರೆ ಪೆಟ್ರೋಲ್ ಹೆಚ್ಚು, ಗಾಳಿ ಕಡಿಮೆ. ಮೊದಲು ಏರ್ ಫಿಲ್ಟರ್ ತೆಗೆದು ನೋಡಬೇಕು. ಎಷ್ಟೋ ಬಾರಿ ಫಿಲ್ಟರಿನ ಧೂಳು ಕೊಡವಿದರೆ ಸಾಕು, ಗಾಡಿ ಸುಧಾರಿಸುತ್ತದೆ. ಎಣ್ಣೆಯಿಂದ ಜಿಡ್ಡಾಗಿದ್ದರೆ ಪಿಸ್ಟನ್ನಿನ ರಿಂಗುಗಳೋ ವಾಲ್ವಿನ ಸೀಲುಗಳೋ ಸವೆದಿವೆ ಎಂದು ತಿಳಿಯಬೇಕು. ಅದು ಮನೆಯ ಕೆಲಸವಲ್ಲ. ಬೆಳ್ಳಗೆ ಸುಟ್ಟಂತಿದ್ದರೆ ಎಂಜಿನ್ ಅತಿಯಾಗಿ ಕಾಯುತ್ತಿದೆ.

ಬ್ಯಾಟರಿಯ ತುದಿಗಳಲ್ಲಿ ಬೆಳೆಯುವ ಬಿಳಿಹಸಿರು ಪುಡಿಯನ್ನು ಅಡುಗೆ ಸೋಡಾ ಬೆರೆಸಿದ ಬಿಸಿನೀರಿನಿಂದ ತೊಳೆದು, ಒರೆಸಿ, ವ್ಯಾಸಲಿನ್ ಸವರಬೇಕು. ಬಿಚ್ಚುವಾಗ ಋಣದ ತಂತಿ ಮೊದಲು, ಜೋಡಿಸುವಾಗ ಅದೇ ಕೊನೆಗೆ. ರೇಡಿಯೇಟರಿನ ಮುಚ್ಚಳವನ್ನು ಬಿಸಿ ಇದ್ದಾಗ ಮುಟ್ಟಲೇಬಾರದು. ಮಳೆಗಾಲಕ್ಕೆ ಮುನ್ನ ಮಾಡಬೇಕಾದ ಇನ್ನೊಂದು ಕೆಲಸವನ್ನು ಬಲ್ಲವರು ವಿರಳ. ಬಾಗಿಲುಗಳ ಅಡಿಯಲ್ಲಿ ನೀರು ಹರಿದುಹೋಗಲೆಂದು ಸಣ್ಣ ತೂತುಗಳಿರುತ್ತವೆ. ಕೆಸರು ಕಟ್ಟಿ ಅವು ಮುಚ್ಚಿದರೆ ನೀರು ಒಳಗೇ ನಿಂತು ಬಾಗಿಲು ಬುಡದಿಂದ ತುಕ್ಕು ಹಿಡಿಯುತ್ತದೆ. ತೆಂಗಿನ ಕಸಬರಿಗೆಯ ಒಂದು ಕಡ್ಡಿಯಿಂದ ಅವನ್ನು ಬಿಡಿಸಲು ಹತ್ತು ನಿಮಿಷ ಸಾಕು. ಕಾಲಡಿಯ ಹಾಸನ್ನು ಎತ್ತಿ ಒಣಗಿಸುವುದನ್ನೂ ಮರೆಯಬಾರದು. ಎಂಜಿನ್ನನ್ನು ಹೇಗಾದರೂ ದುರಸ್ತಿ ಮಾಡಿಸಬಹುದು, ತಳವೇ ತೂತಾದ ಗಾಡಿಯನ್ನು ಉಳಿಸುವುದು ಬಲು ಕಷ್ಟ.

ಇವನ್ನೆಲ್ಲ ತಪ್ಪದೆ ಮಾಡುತ್ತಿದ್ದ ನಮಗೆ ಒಳಗೊಳಗೇ ಹೆಮ್ಮೆಯಿತ್ತು. ಗ್ಯಾರೇಜಿನ ಮುಖ ನೋಡದೆ ವರ್ಷಗಳಾದವೆಂದು ಮದುವೆ ಮುಂಜಿಗಳಲ್ಲಿ ಹೇಳಿಕೊಂಡು ತಿರುಗಿದ್ದೂ ಉಂಟು.

2010ರ ಮೇ ತಿಂಗಳು. ನಮ್ಮ ಅವ್ವ, ಶ್ರೀಮತಿಯವರು, ಹನ್ನೊಂದು ವರ್ಷದ ಮಗ, ಹಿಂದೆ ತುಂಬ ಸಾಮಾನು. ಹುಬ್ಬಳ್ಳಿಯಿಂದ ಯಲ್ಲಾಪುರದ ಮಾರ್ಗವಾಗಿ ಅಂಕೋಲೆಗೆ ಹೊರಟಿದ್ದೆವು. ಅರಬೈಲು ಘಟ್ಟದ ಇಳಿಜಾರಿನಲ್ಲಿ, ಪೆಟ್ರೋಲ್ ಉಳಿಯಲಿ ಎಂಬ ಆಸೆಯಿಂದ ಮೇಲಿನ ಗೇರಿನಲ್ಲಿಯೇ, ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇಳಿಯುತ್ತಿದ್ದೆವು. ಅರ್ಧ ದಾರಿಯಲ್ಲಿ ಏನೋ ಸುಟ್ಟ ವಾಸನೆ ಬಂದಿತು. ಮುಂದಿನ ತಿರುವಿಗೆ ಕಾಲೊತ್ತಿದರೆ ಪೆಡಲ್ ಮೆತ್ತಗೆ, ಬೆಣ್ಣೆಯೊಳಗೆ ಇಳಿದಂತೆ ತಳ ಮುಟ್ಟಿತು. ಗಾಡಿ ನಿಲ್ಲಲಿಲ್ಲ.

ಆ ಕೆಲವು ಕ್ಷಣಗಳನ್ನು ಬಣ್ಣಿಸುವ ಶಕ್ತಿ ನಮಗಿಲ್ಲ. ಗೇರನ್ನು ಮೂರಕ್ಕೆ, ಎರಡಕ್ಕೆ ಎಳೆದೆವು, ಎಂಜಿನ್ ಚೀರಿತು. ಹ್ಯಾಂಡ್‌ಬ್ರೇಕನ್ನು ಸ್ವಲ್ಪ ಸ್ವಲ್ಪವಾಗಿ ಎತ್ತಿದೆವು. ಅದು ಹಿಂದಿನ ಗಾಲಿಗಳಿಗೆ ತಂತಿಯ ಮೂಲಕ ಹಿಡಿತ ಕೊಡುತ್ತದೆ, ಎಣ್ಣೆಯ ಹಂಗಿಲ್ಲ. ಗುಡ್ಡದ ಬದಿಯ ಚರಂಡಿಗೆ ಎಡಗಾಲಿಗಳನ್ನು ಇಳಿಸಿ, ಅಂತೂ ನಿಂತೆವು. ಯಾರಿಗೂ ಗಾಯವಾಗಲಿಲ್ಲ. ಅವ್ವ ಬಹಳ ಹೊತ್ತಿನ ಮೇಲೆ ಒಂದೇ ಮಾತು ಆಡಿದಳು: "ನಿಮ್ಮಪ್ಪ ಇದ್ದಾಗ ಹಿಂಗ ಒಮ್ಮಿನೂ ಆಗಿರಲಿಲ್ಲ."

ಹಿಂದಿನಿಂದ ಬಂದ ಲಾರಿಯೊಂದರ ಚಾಲಕರು ಇಳಿದು ಬಂದು ಗಾಲಿಯ ಬಳಿ ಕೈಯಿಟ್ಟು ನೋಡಿದರು. "ಬ್ರೇಕಿನ ಮ್ಯಾಲ ಕಾಲಿಟ್ಟು ಘಟ್ಟ ಇಳೀತಾರೇನ್ರಿ ಸಾಹೇಬ್ರ? ಯಾವ ಗೇರಿನ್ಯಾಗ ಹತ್ತತೀರೋ ಅದ ಗೇರಿನ್ಯಾಗ ಇಳೀಬೇಕು. ಒಂದ್ ತಾಸು ಆರಲಿ" ಎಂದರು. ಅವರೆಂದಂತೆ ಒಂದು ತಾಸು ಕಳೆದ ಮೇಲೆ ಪೆಡಲ್ ಏನೂ ಆಗಿಲ್ಲವೆಂಬಂತೆ ಮೊದಲಿನಂತೆ ಗಟ್ಟಿಯಾಗಿತ್ತು! ಇದೇ ಈ ದೋಷದ ಮೋಸ. ಊರಿಗೆ ಮರಳಿ ಯಾರಿಗೆ ತೋರಿಸಿದರೂ "ಬ್ರೇಕ್ ಚಲೋ ಐತಲ್ರಿ" ಎನ್ನುವಂತಿರುತ್ತದೆ.

ನಮಗೆ ಕಾರಣ ತಿಳಿಸಿಕೊಟ್ಟವರು ಹುಬ್ಬಳ್ಳಿಯ ಹಿರಿಯ ಮೆಕ್ಯಾನಿಕ್ ಒಬ್ಬರು. ಬ್ರೇಕ್ ಎಣ್ಣೆಗೆ ಗಾಳಿಯಲ್ಲಿನ ತೇವವನ್ನು ಹೀರುವ ಗುಣವಿದೆ. ಡಬ್ಬಿಯ ಮುಚ್ಚಳದ ರಂಧ್ರದಿಂದ, ರಬ್ಬರಿನ ಕೊಳವೆಗಳಿಂದ ನೀರಿನಂಶ ವರ್ಷ ವರ್ಷವೂ ಸೇರುತ್ತ ಹೋಗುತ್ತದೆ. 'ಡಾಟ್ 3' ದರ್ಜೆಯ ಹೊಸ ಎಣ್ಣೆ ಕುದಿಯಲು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ನೂರಕ್ಕೆ ಮೂರೂವರೆ ಭಾಗಕ್ಕಿಂತ ತುಸು ಹೆಚ್ಚು ನೀರು ಸೇರಿತೆಂದರೆ ಆ ಮಿತಿ 140 ಡಿಗ್ರಿಗೆ ಇಳಿಯಬಹುದು. ಘಟ್ಟದಲ್ಲಿ ಬ್ರೇಕು ಕಾದಾಗ ಎಣ್ಣೆಯೊಳಗಿನ ನೀರು ಆವಿಯಾಗುತ್ತದೆ. ದ್ರವ ಕುಗ್ಗದು, ಆವಿ ಕುಗ್ಗುತ್ತದೆ. ಕಾಲಿನ ಬಲವೆಲ್ಲ ಆವಿಯನ್ನು ಒತ್ತುವುದರಲ್ಲಿಯೇ ಕಳೆದುಹೋಗಿ ಗಾಲಿಗೆ ತಲುಪುವುದಿಲ್ಲ. ತಣಿದರೆ ಆವಿ ಮತ್ತೆ ನೀರು, ಪೆಡಲ್ ಮತ್ತೆ ಗಟ್ಟಿ.

ಅಂದು ರಾತ್ರಿ ತಂದೆಯವರ ನೋಟುಬುಕ್ಕನ್ನು ಮೊದಲಿನಿಂದ ತಿರುವಿದೆವು. 1996, 1998, 2000, 2002, 2004. ಎರಡು ವರ್ಷಕ್ಕೊಮ್ಮೆ, ಅವರ ಗುಂಡಗಿನ ಅಕ್ಷರಗಳಲ್ಲಿ, "ಬ್ರೇಕ್ ಎಣ್ಣೆ ಪೂರ್ತಿ ಬದಲು, ಗ್ಯಾರೇಜು." ಅಲ್ಲಿಂದ ಮುಂದಿನ ಪುಟಗಳೆಲ್ಲ ನಮ್ಮ ಅಕ್ಷರ. ಪ್ಲಗ್ಗು, ಎಣ್ಣೆ, ಫಿಲ್ಟರು, ಬ್ಯಾಟರಿ, ಬಲ್ಬು. ಬ್ರೇಕ್ ಎಣ್ಣೆಯ ಸುದ್ದಿಯೇ ಇಲ್ಲ. ಡಬ್ಬಿಯಲ್ಲಿ ಮಟ್ಟ ಇಳಿದಾಗ ಒಂದಿಷ್ಟು ಸುರಿದು ತುಂಬಿಸಿದ್ದೆವು, ಅಷ್ಟೆ. ಅದೂ ಇನ್ನೊಂದು ತಪ್ಪು: ಬ್ರೇಕ್ ಪ್ಯಾಡುಗಳು ಸವೆದಂತೆ ಡಬ್ಬಿಯ ಮಟ್ಟ ಮೆಲ್ಲಗೆ ಇಳಿಯುತ್ತದೆ. ಮೇಲಿಂದ ತುಂಬಿಸಿದವನು ಆ ಸೂಚನೆಯನ್ನು ತಾನೇ ಅಳಿಸಿದಂತೆ. ನಮಗೆ ಸೊಗಸೆನಿಸಿದ ಕೆಲಸವನ್ನು ಹತ್ತು ಬಾರಿ ಮಾಡಿದ್ದೆವು. ನೋಡಲು ಏನೂ ಇಲ್ಲದ ಕೆಲಸವನ್ನು ಒಮ್ಮೆಯೂ ಮಾಡಿರಲಿಲ್ಲ.

ಆ ಬಳಿಕ ಬ್ರೇಕಿನ ಕೆಲಸ ಗ್ಯಾರೇಜಿನಲ್ಲಿಯೇ. ಎರಡು ಸಲ ಅದೇ ಮೆಕ್ಯಾನಿಕ್ ಅವರ ಕಣ್ಣೆದುರು, ಅವರು ಹೇಳಿದ ಕ್ರಮದಲ್ಲಿ ನಾವೇ ಎಣ್ಣೆ ಬದಲಾಯಿಸಿದ್ದುಂಟು. ಶ್ರೀಮತಿಯವರು ಒಳಗೆ ಕುಳಿತು ಪೆಡಲ್ ಒತ್ತಬೇಕು, ನಾವು ಗಾಲಿಯ ಬಳಿ ಕುಳಿತು ಸಣ್ಣ ತಿರುಪು ಸಡಿಲಿಸಿ, ಪಾರದರ್ಶಕ ನಳಿಕೆಯಲ್ಲಿ ಗುಳ್ಳೆ ಬರುವುದು ನಿಂತಿತೇ ಎಂದು ನೋಡಬೇಕು. "ಒತ್ತು", "ಬಿಡು" ಎಂಬ ಎರಡೇ ಮಾತು. ತಿರುಪು ಬಿಗಿಯುವ ಮೊದಲೇ ಆಕೆ ಕಾಲು ತೆಗೆದರೆ ಗಾಳಿ ಒಳಗೆಳೆದುಕೊಂಡು ಮಾಡಿದ ಕೆಲಸವೆಲ್ಲ ವ್ಯರ್ಥ. ಒಂದು ಹನಿ ಹೊರಗೆ ಬಿದ್ದರೂ ಬಣ್ಣ ಕಿತ್ತುಬರುತ್ತದೆ. ಮುಂದಿನ ಎಡ ಮಡ್‌ಗಾರ್ಡಿನ ಮೇಲೆ ಅದರ ಗುರುತು ಈಗಲೂ ಇದೆ. ಇಷ್ಟು ಕಲಿತರೂ ಒಬ್ಬರೇ ಮನೆಯಲ್ಲಿ ಈ ಕೆಲಸಕ್ಕೆ ಕೈಹಾಕಿರೆಂದು ನಾವು ಯಾರಿಗೂ ಹೇಳಲಾರೆವು. ಟೈಮಿಂಗ್ ಬೆಲ್ಟ್, ಸ್ಟೀರಿಂಗ್ ಇವೂ ಅಂತೆಯೇ. ಬರಿಯ ಜಾಕಿನ ಮೇಲೆ ನಿಂತ ಗಾಡಿಯ ಅಡಿಗೆ ತಲೆ ಹಾಕುವುದಂತೂ ಸರ್ವಥಾ ಕೂಡದು. ಗಾಡಿಯೊಡನೆ ಬರುವ ಜಾಕು ಗಾಲಿ ಬದಲಿಸಲಿಕ್ಕೆ ಮಾತ್ರ.

ವಯಸ್ಸಾದ ಗಾಡಿಗೆ ಹೊಸ ಕಾಲದ ತೊಡಕುಗಳೂ ಇವೆ. ಹದಿನೈದು ವರ್ಷದ ಬಳಿಕ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು. ಅದರ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಗಳಿಂದ 5,000ಕ್ಕೆ ಏರಿತು. 2025ರ ಆಗಸ್ಟ್‌ನಲ್ಲಿ ಇಪ್ಪತ್ತು ವರ್ಷ ಮೀರಿದ ಕಾರುಗಳಿಗೆ 10,000 ಆಯಿತು. ನಾವು 2024ರಲ್ಲಿಯೇ ಮಾಡಿಸಿಕೊಂಡು ಬದುಕಿದೆವು. ಇನ್ನೊಂದು, ಎಥನಾಲ್ ಬೆರೆತ ಪೆಟ್ರೋಲ್. ನೂರಕ್ಕೆ ಇಪ್ಪತ್ತು ಭಾಗ ಬೆರೆತ ಪೆಟ್ರೋಲಿಗೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ದೊರೆಯಿತು, 2025ರ ಹೊತ್ತಿಗೆ ಅದು ಎಲ್ಲೆಡೆ ಹರಡಿತು. ಹಳೆಯ ಗಾಡಿಗಳ ರಬ್ಬರ್ ಕೊಳವೆಗಳು, ಗ್ಯಾಸ್ಕೆಟ್ಟುಗಳು ಇದನ್ನು ಗಮನದಲ್ಲಿಟ್ಟು ಮಾಡಿದವಲ್ಲ. ಎಥನಾಲ್ ಕೂಡ ತೇವವನ್ನು ಹೀರುವುದೇ. ಆದ್ದರಿಂದ ಗಾಡಿಯನ್ನು ತಿಂಗಳುಗಟ್ಟಲೆ ಓಡಿಸದೆ ನಿಲ್ಲಿಸುವುದನ್ನು ಬಿಟ್ಟಿದ್ದೇವೆ. ಟ್ಯಾಂಕಿನಿಂದ ಕಾರ್ಬ್ಯುರೇಟರಿನವರೆಗಿನ ಕೊಳವೆಗಳನ್ನು ತಿಂಗಳಿಗೊಮ್ಮೆ ಬೆರಳಿನಿಂದ ಒತ್ತಿ, ವಾಸನೆ ನೋಡಿ ಪರೀಕ್ಷಿಸುತ್ತೇವೆ. ಪೆಟ್ರೋಲಿನ ವಾಸನೆ ಬಂದರೆ ಗಾಡಿ ಚಾಲೂ ಮಾಡುವುದೇ ಇಲ್ಲ.

ಕಳೆದ ದೀಪಾವಳಿಗೆ ಊರಿಗೆ ಬಂದಿದ್ದ ಮಗ ಹಿಂದಿನ ಬಲಗಾಲಿಯ ಒಳಬದಿಯಲ್ಲಿ ಸಣ್ಣಗೆ ಒದ್ದೆಯಾಗಿರುವುದನ್ನು ಕಂಡ. ಬೆರಳಿಂದ ಮುಟ್ಟಿ, ಮೂಸಿ, "ಅಪ್ಪಾ, ಬ್ರೇಕ್ ಎಣ್ಣಿ" ಎಂದ. ಗಾಲಿಯ ಸಿಲಿಂಡರಿನ ರಬ್ಬರು ಹೋಗಿತ್ತು. ಹಬ್ಬದ ದಿನ ಗ್ಯಾರೇಜು ಮುಚ್ಚಿದ್ದರಿಂದ ಎರಡು ದಿನ ಕಾರನ್ನು ಅಂಗಳದಲ್ಲಿಯೇ ನಿಲ್ಲಿಸಿ, ಬೀಗರ ಮನೆಗೆ ಬಸ್ಸಿನಲ್ಲಿ ಹೋಗಿಬಂದೆವು. ಮೂರನೆಯ ದಿನ ಮೆಕ್ಯಾನಿಕ್ ಅವರು ಮನೆಗೇ ಬಂದು ಎರಡೂ ಹಿಂಗಾಲಿಗಳ ರಬ್ಬರು ಬದಲಿಸಿ, ಎಣ್ಣೆ ಪೂರ್ತಿ ಹೊಸದು ಹಾಕಿದರು. ನೋಟುಬುಕ್ಕಿನಲ್ಲಿ ಅದನ್ನು ಬರೆದವನು ಮಗ.