ಸೀಗೆ, ನಿಂಬೆ, ಗಂಧದೆಣ್ಣೆ: ‘ಗಿಡದ್ದು, ಸೈಡ್ ಎಫೆಕ್ಟ್ ಇಲ್ಲ’ ಎಂಬುದು ನಿಜವೇ?

‘ಕೆಮಿಕಲ್ ಕ್ರೀಮ್ ಬಿಡಿ. ಮುಖಕ್ಕೆ ನಿಂಬೆರಸ ಹಚ್ಚಿ, ತಲೆಗೆ ಟೀ ಟ್ರೀ ಆಯಿಲ್ ಹಾಕಿ, ಮಗುವಿನ ಮೂಗಿಗೆ ನೀಲಗಿರಿ ಎಣ್ಣೆ ಸವರಿ. ಎಲ್ಲವೂ ಗಿಡದ್ದು, ಸೈಡ್ ಎಫೆಕ್ಟ್ ಇಲ್ಲ.’ ಈ ಧಾಟಿಯ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು.

ಸತ್ತೇಗಾಲ, ಕೊಳ್ಳೇಗಾಲ, ಹನೂರು ಕಡೆಯವರು ಇದನ್ನು ಬೇಗ ನಂಬುವುದಕ್ಕೆ ಕಾರಣವೂ ಇದೆ. ಯಳಂದೂರಿನ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ಸೀಗೆಕಾಯಿ, ಅಂಟುವಾಳ, ನೆಲ್ಲಿಕಾಯಿ ಆಯ್ದು ಲ್ಯಾಂಪ್ಸ್ ಸೊಸೈಟಿಗೆ ಕೊಡುತ್ತಿದ್ದರು. ಮಲೆ ಮಹದೇಶ್ವರ ಬೆಟ್ಟದ ಕಾಡು ಗಂಧಕ್ಕೆ ಹೆಸರಾದದ್ದು. ಗಿಡಮೂಲಿಕೆ ಇಲ್ಲಿ ಅಂಗಡಿಯ ಫ್ಯಾಷನ್ ಅಲ್ಲ, ಬದುಕು.

ಆದರೆ ಅಜ್ಜಿ ಬಳಸುತ್ತಿದ್ದುದು ಮತ್ತು ಈಗ ಬಾಟಲಿಯಲ್ಲಿ ಬರುತ್ತಿರುವುದು ಒಂದೇ ವಸ್ತುವಲ್ಲ. ಗೊಂದಲ ಇರುವುದೇ ಇಲ್ಲಿ.

ಗಂಧವನ್ನೇ ನೋಡಿ. ಸಾಣೆಕಲ್ಲಿನ ಮೇಲೆ ನೀರು ಹಾಕಿ ಕೊರಡು ತೇಯ್ದರೆ ಸಿಗುವುದು ಮರದ ಪುಡಿ ಮತ್ತು ನೀರು. ಅದರಲ್ಲಿ ಎಣ್ಣೆಯ ಅಂಶ ತೀರಾ ಕಡಿಮೆ. ಗಂಧದೆಣ್ಣೆ ಬೇಕೆಂದರೆ ಮರದ ಚೇಗನ್ನು ಪುಡಿ ಮಾಡಿ, ಆವಿ ಹಾಯಿಸಿ ಬಟ್ಟಿ ಇಳಿಸಬೇಕು. ಮೈಸೂರಿನಲ್ಲಿ 1916ರಲ್ಲಿ ಕಾರ್ಖಾನೆ ಶುರುವಾದದ್ದು ಇದಕ್ಕೇ. ನೂರು ಕಿಲೋ ಒಳ್ಳೆಯ ಚೇಗು ಹಾಕಿದರೂ ಬರುವುದು ಕೆಲವೇ ಕಿಲೋ ಎಣ್ಣೆ. ಅಂದರೆ ಒಂದು ಹನಿಯಲ್ಲಿ ಸಾಕಷ್ಟು ಮರ ಅಡಗಿದೆ. ಸೋಪಿನಲ್ಲಿ ಅದನ್ನು ಅಲ್ಪ ಪ್ರಮಾಣದಲ್ಲಿ ಬೆರೆಸುತ್ತಾರೆ, ತೊಳೆದೂ ಬಿಡುತ್ತೇವೆ. ಅದೇ ಎಣ್ಣೆಯನ್ನು ನೇರವಾಗಿ ಕೆನ್ನೆಗೆ ಹಚ್ಚಿ ರಾತ್ರಿಯಿಡೀ ಬಿಡುವುದು ಬೇರೆಯೇ ಮಾತು.

‘ಕೆಮಿಕಲ್ ಇಲ್ಲ’ ಎಂಬ ಮಾತೂ ಸರಿಯಲ್ಲ. ಗಂಧದ ಪರಿಮಳಕ್ಕೆ ಕಾರಣ ಸ್ಯಾಂಟಲಾಲ್ ಎಂಬ ರಾಸಾಯನಿಕ. ಸೀಗೆಯಲ್ಲಿ ನೊರೆ ಬರಿಸುವುದು ಸ್ಯಾಪೊನಿನ್. ಸೋಪಿನಂತೆಯೇ ಅದು ಜಿಡ್ಡನ್ನು ಹಿಡಿದು ನೀರಿನೊಂದಿಗೆ ಒಯ್ಯುತ್ತದೆ. ಸೀಗೆಪುಡಿ ಕಣ್ಣಿಗೆ ಬಿದ್ದವರಿಗೆ ಅದರ ಶಕ್ತಿ ಯಾರೂ ಹೇಳಬೇಕಾಗಿಲ್ಲ.

ಇನ್ನು ನಿಂಬೆ. ಈ ಫಾರ್ವರ್ಡ್‌ನಲ್ಲಿ ನನಗೆ ಹೆಚ್ಚು ಆತಂಕ ತರುವ ಸಲಹೆಗಳಲ್ಲಿ ಇದೂ ಒಂದು. ನಿಂಬೆಯಲ್ಲಿ, ಅದರಲ್ಲೂ ಸಿಪ್ಪೆಯಲ್ಲಿ, ಫ್ಯೂರೊಕೌಮರಿನ್ ಎಂಬ ವಸ್ತುಗಳಿವೆ. ಚರ್ಮದ ಮೇಲೆ ಅವು ಇದ್ದಾಗ ಬಿಸಿಲಿನ ಅತಿನೇರಳೆ ಕಿರಣ ಬಿದ್ದರೆ ಸುಟ್ಟಂತೆ ಕೆಂಪಾಗುತ್ತದೆ, ಕೆಲವೊಮ್ಮೆ ಬೊಬ್ಬೆ ಏಳುತ್ತದೆ. ಅದೂ ತಕ್ಷಣ ಅಲ್ಲ, ಒಂದೆರಡು ದಿನ ಬಿಟ್ಟು. ಹಾಗಾಗಿ ನಿಂಬೆಯ ಮೇಲೆ ಯಾರಿಗೂ ಅನುಮಾನವೇ ಬರುವುದಿಲ್ಲ. ಆಮೇಲೆ ಉಳಿಯುವ ಕಪ್ಪು ಕಲೆ ವಾರಗಟ್ಟಲೆ, ತಿಂಗಳುಗಟ್ಟಲೆ ಇರಬಹುದು. ಬೆಳ್ಳಗಾಗಲೆಂದು ಹಚ್ಚಿ ಹೊಲಕ್ಕೆ ಹೋದವರಿಗೆ ಸಿಗುವ ಫಲ ಇದು! ಸಿಪ್ಪೆ ಹಿಂಡಿ ತೆಗೆದ ನಿಂಬೆ ಎಣ್ಣೆಯನ್ನು ಬಿಸಿಲು ತಾಗುವ ಚರ್ಮಕ್ಕೆ ಹಚ್ಚಿ ಬಿಡುವ ಉತ್ಪನ್ನಗಳಲ್ಲಿ ಶೇ. 0.7ಕ್ಕಿಂತ ಹೆಚ್ಚು ಹಾಕಬಾರದೆಂದು ಸುಗಂಧ ಉದ್ಯಮದ ಅಂತಾರಾಷ್ಟ್ರೀಯ ಸಂಘವೇ ಮಿತಿ ಹಾಕಿದೆ.

ಹಳೆಯ ಬಾಟಲಿಯ ಬಗ್ಗೆಯೂ ಎಚ್ಚರ ಬೇಕು. ಲ್ಯಾವೆಂಡರ್‌ನ ಲಿನಲೂಲ್, ನಿಂಬೆ ಜಾತಿಯ ಲಿಮೊನೀನ್ ಗಾಳಿಗೆ ಒಡ್ಡಿಕೊಂಡಾಗ ಅಲರ್ಜಿ ತರುವ ವಸ್ತುಗಳಾಗಿ ಬದಲಾಗುತ್ತವೆ. ಟೀ ಟ್ರೀ ಎಣ್ಣೆಯೂ ಹಾಗೆಯೇ. ಹೋದ ವರ್ಷ ಏನೂ ಆಗಿರಲಿಲ್ಲ ಎಂಬುದು ಈ ವರ್ಷಕ್ಕೆ ಗ್ಯಾರಂಟಿ ಅಲ್ಲ. ಒಮ್ಮೆ ಅಲರ್ಜಿ ಹುಟ್ಟಿಕೊಂಡರೆ ಅದೇ ವಸ್ತು ಇರುವ ಸೋಪು, ಸೆಂಟು ತಾಗಿದರೂ ಮತ್ತೆ ತುರಿಕೆ ಬರಬಹುದು.

ಮಗುವಿನ ವಿಷಯದಲ್ಲಿ ಮಾತ್ರ ಪ್ರಯೋಗ ಬೇಡವೇ ಬೇಡ. ಶೀತಕ್ಕೆಂದು ಕರ್ಪೂರವನ್ನು ಕೊಬ್ಬರಿ ಎಣ್ಣೆಯಲ್ಲಿ ಕರಗಿಸಿ ಹಚ್ಚುವುದು ನಮ್ಮಲ್ಲಿ ವಾಡಿಕೆ. ಕರ್ಪೂರ ಚರ್ಮದ ಮೂಲಕವೂ ಒಳಗೆ ಸೇರುತ್ತದೆ, ಹೆಚ್ಚಾದರೆ ಫಿಟ್ಸ್ ಬರಿಸುತ್ತದೆ. ನೀಲಗಿರಿ ಎಣ್ಣೆಯೂ ಅಷ್ಟೇ ಅಪಾಯ. ಎರಡು ವರ್ಷದೊಳಗಿನ ಮಕ್ಕಳ ಮೂಗು, ಮುಖದ ಹತ್ತಿರ ಇವೆರಡನ್ನೂ ತರಬೇಡಿ. ಮಗು ಕುಡಿದುಬಿಟ್ಟರೆ ವಾಂತಿ ಮಾಡಿಸಲು ಹೋಗದೆ, ಬಾಟಲಿ ಸಮೇತ ಆಸ್ಪತ್ರೆಗೆ ಓಡಿ.

ಹಾಗಾದರೆ ದೊಡ್ಡವರು ಬಳಸಲೇಬಾರದೇ? ಬಳಸಬಹುದು, ಬೆರೆಸಿ. 30 ಮಿ.ಲೀ. ಕೊಬ್ಬರಿ ಅಥವಾ ಎಳ್ಳೆಣ್ಣೆಗೆ ಸುಗಂಧ ಎಣ್ಣೆ 6 ಹನಿ ಹಾಕಿದರೆ ಸುಮಾರು ಶೇ. 1 ಆಗುತ್ತದೆ, ಮುಖಕ್ಕೆ ಅದಕ್ಕಿಂತ ಹೆಚ್ಚು ಬೇಡ. ಬೆರೆಸಿದ್ದನ್ನು ಮೊದಲು ಮೊಣಕೈ ಒಳಭಾಗದಲ್ಲಿ ದಿನಕ್ಕೆರಡು ಬಾರಿ, ಒಂದು ವಾರ ಹಚ್ಚಿ ನೋಡಿ. ಒಂದೇ ದಿನ ನೋಡಿ ಪಾಸು ಮಾಡಬೇಡಿ, ಅಲರ್ಜಿ ನಿಧಾನಕ್ಕೆ ಕಾಣಿಸುತ್ತದೆ. ತುರಿಕೆ, ಉರಿ ಬಂದರೆ ತೊಳೆದು ನಿಲ್ಲಿಸಿ. ಕಡಿಮೆಯಾಗದಿದ್ದರೆ ಚರ್ಮದ ಡಾಕ್ಟರ ಹತ್ತಿರ ಹೋಗುವಾಗ ಹಚ್ಚಿದ್ದ ಬಾಟಲಿ, ಪುಡಿಯ ಪೊಟ್ಟಣ ಎಲ್ಲವನ್ನೂ ಜೊತೆಗೆ ಒಯ್ಯಿರಿ. ‘ಏನೂ ಇಲ್ಲ ಸಾರ್, ಬರೀ ನ್ಯಾಚುರಲ್’ ಎಂದರೆ ಅವರಿಗೆ ಏನೂ ತಿಳಿಯುವುದಿಲ್ಲ.