ಚೆನ್ನೈಯ ಚಳಿಗಾಲದಲ್ಲಿ ಎಳೆಯ ಮಕ್ಕಳ ಹೊರಸಂಚಾರ

ಕರ್ನಾಟಕದಿಂದ ಬಂದು ಚೆನ್ನೈಯಲ್ಲಿ ನೆಲೆಸಿದ ಕುಟುಂಬಗಳಿಗೆ ಇಲ್ಲಿಯ ಋತುಮಾನವು ಒಗ್ಗಲು ಕೆಲವು ವರ್ಷಗಳೇ ಬೇಕಾಗುತ್ತವೆ. ಊರಿನಲ್ಲಿ ಆಷಾಢ ಶ್ರಾವಣಗಳಲ್ಲಿ ಸುರಿಯುವ ಮಳೆ ಇಲ್ಲಿ ದೀಪಾವಳಿಯ ಹೊತ್ತಿಗೆ ಬರುತ್ತದೆ. ಹೊದ್ದು ಮಲಗಬೇಕಾದ ಮಾರ್ಗಶಿರದಲ್ಲಿ ಕೊಡೆ ಹಿಡಿದು ನಡೆಯಬೇಕಾಗುತ್ತದೆ. ವರ್ಷಕ್ಕೆ ಸರಾಸರಿ 1,400 ಮಿಲಿಮೀಟರಿನ ಆಸುಪಾಸಿನಲ್ಲಿ ಬೀಳುವ ಮಳೆಯಲ್ಲಿ ಅರ್ಧಕ್ಕಿಂತಲೂ ಹೆಚ್ಚಿನ ಪಾಲು ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಬೀಸುವ ಈಶಾನ್ಯ ಮಾರುತದ್ದು. ಜನವರಿಯ ಬೆಳಗಿನ ಜಾವದಲ್ಲಿಯೂ ಉಷ್ಣಮಾನವು 20 ಡಿಗ್ರಿ ಸೆಲ್ಸಿಯಸ್ಸಿಗಿಂತ ಬಹಳ ಕೆಳಗಿಳಿಯುವುದು ಅಪರೂಪ. ಆದಕಾರಣ ಚೆನ್ನೈಯ ಮಟ್ಟಿಗೆ ಚಳಿಗಾಲವೆಂದರೆ ಮಳೆ, ಮೋಡ, ಒಣಗದ ಬಟ್ಟೆ ಮತ್ತು ಮುಚ್ಚಿದ ಕಿಟಕಿಗಳೆಂದೇ ತಿಳಿಯಬೇಕು.

ಈ ಕಾಲದಲ್ಲಿ ಅತ್ಯಂತ ಕಷ್ಟಕ್ಕೆ ಸಿಲುಕುವುದು ಒಂದರಿಂದ ಮೂರು ವರ್ಷದೊಳಗಿನ ಮಗು. ಮಾಂಬಲದಲ್ಲಿಯೋ ಅಯನಾವರದಲ್ಲಿಯೋ ಇರುವ ಎರಡು ಕೋಣೆಯ ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ತಂದೆತಾಯಿಗಳಿಬ್ಬರೂ ಕಚೇರಿಗೆ ಹೋಗುತ್ತಾರೆ. ಮಗುವನ್ನು ನೋಡಿಕೊಳ್ಳಲು ಧಾರವಾಡದಿಂದಲೋ ಶಿವಮೊಗ್ಗದಿಂದಲೋ ಅಜ್ಜಿ ಬಂದಿರುತ್ತಾರೆ. ಅಜ್ಜಿಗೆ ತಮಿಳು ಬಾರದು, ಮಗುವಿಗೆ ಇನ್ನೂ ಯಾವ ಭಾಷೆಯೂ ಪೂರ್ತಿಯಾಗಿ ಬಾರದು. ಮಳೆ ಹಿಡಿದ ಮೂರನೆಯ ದಿನಕ್ಕೆ ಮಗು ಮಂಚದಿಂದ ಬಾಗಿಲಿಗೆ, ಬಾಗಿಲಿನಿಂದ ಅಡಿಗೆಮನೆಗೆ ಓಡಿ ಓಡಿ ರಚ್ಚೆ ಹಿಡಿಯುತ್ತದೆ. ಅಜ್ಜಿಯ ಮೊಣಕಾಲು ಸೋಲುತ್ತದೆ. ಕೊನೆಗೆ ಮೊಬೈಲ್ ಫೋನನ್ನು ಮಗುವಿನ ಕೈಗೆ ಕೊಟ್ಟಾಗ ಮನೆಯು ಒಮ್ಮೆಲೇ ನಿಶ್ಶಬ್ದವಾಗುತ್ತದೆ. ಬೆಲೆಯಿಲ್ಲದೆ ದೊರೆತಂತೆ ಕಾಣುವ ಈ ನಿಶ್ಶಬ್ದವು ವಾಸ್ತವವಾಗಿ ಸಾಲವೇ ಹೊರತು ಆದಾಯವಲ್ಲ.

ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಐದು ವರ್ಷದೊಳಗಿನ ಮಕ್ಕಳ ದಿನಚರಿಯನ್ನು ಕುರಿತು ಮಾರ್ಗದರ್ಶಿಯೊಂದನ್ನು ಪ್ರಕಟಿಸಿತು. ಅದರ ಪ್ರಕಾರ ಒಂದು ಮತ್ತು ಎರಡು ವರ್ಷದ ಮಕ್ಕಳು ದಿನವೊಂದಕ್ಕೆ ಕನಿಷ್ಠ 180 ನಿಮಿಷಗಳಷ್ಟು ಕಾಲ, ಒಂದೇ ಸಲಕ್ಕಲ್ಲದಿದ್ದರೂ ದಿನದುದ್ದಕ್ಕೂ ಹಂಚಿಕೊಂಡು, ಮೈಯಾಡಿಸಬೇಕು. ತಳ್ಳುಗಾಡಿಯಲ್ಲಿ ಅಥವಾ ಬೆನ್ನಿಗೆ ಕಟ್ಟಿದಂತೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ಅವರನ್ನು ಕದಲದಂತೆ ಇರಿಸಬಾರದು. ಒಂದು ವರ್ಷದ ಮಗುವಿಗೆ ಪರದೆಯ ಮುಂದೆ ಕೂರುವ ಹೊತ್ತು ಇರಲೇಕೂಡದು. ಎರಡು ವರ್ಷದ ಮಗುವಿಗೆ ಅದು ಒಂದು ಗಂಟೆಯನ್ನು ಮೀರಬಾರದು, ಕಡಿಮೆಯಾದಷ್ಟೂ ಲೇಸು. ಇದೇ ವಯಸ್ಸಿಗೆ ಹಗಲಿನ ನಿದ್ರೆಯೂ ಸೇರಿ 11ರಿಂದ 14 ಗಂಟೆಗಳ ನಿದ್ರೆ ಬೇಕು. 180 ನಿಮಿಷವೆಂದರೆ ಹೌಹಾರಬೇಕಾಗಿಲ್ಲ. ಇದು ವ್ಯಾಯಾಮಶಾಲೆಯ ಲೆಕ್ಕವಲ್ಲ. ನಡೆಯುವುದು, ಕುಕ್ಕರಗಾಲಿನಲ್ಲಿ ಕುಳಿತೇಳುವುದು, ಮೆಟ್ಟಿಲು ಹತ್ತುವುದು, ಬಿದ್ದ ವಸ್ತುವನ್ನು ಎತ್ತಿಕೊಡುವುದು ಎಲ್ಲವೂ ಇದಕ್ಕೆ ಜಮೆಯಾಗುತ್ತವೆ. ಆದರೆ ಸಾಮಾನುಗಳು ತುಂಬಿದ ಎರಡು ಕೋಣೆಗಳಲ್ಲಿ ಈ ಜಮೆ ಬಹುಬೇಗ ನಿಂತುಹೋಗುತ್ತದೆ.

ಮಗುವನ್ನು ಹೊರಗೆ ಕರೆದೊಯ್ದರೆ ಶೀತವಾಗುವುದೆಂಬ ಭಯ ನಮ್ಮ ಹಿರಿಯರಲ್ಲಿ ಬಲವಾಗಿದೆ. ನೆಗಡಿಯನ್ನು ತರುವುದು ಮಳೆಯ ಹನಿಯಲ್ಲ, ವೈರಸ್ಸು. ಸೋಂಕು ತಗಲಿದವರು ಕೆಮ್ಮಿದಾಗ ಸೀನಿದಾಗ ಹೊರಬೀಳುವ ಹನಿಗಳಿಂದಲೂ ಅವರು ಮುಟ್ಟಿದ ವಸ್ತುಗಳನ್ನು ಮುಟ್ಟಿದ ಕೈಗಳಿಂದಲೂ ಅದು ಹರಡುತ್ತದೆ. ಕಿಟಕಿ ಮುಚ್ಚಿದ ಸಣ್ಣ ಕೋಣೆಯಲ್ಲಿ ನಾಲ್ಕಾರು ಜನ ಇರುವಾಗ ಅದರ ಕೆಲಸ ಇನ್ನೂ ಸುಲಭ. ಒದ್ದೆ ಬಟ್ಟೆಯಲ್ಲಿ ಮಗುವನ್ನು ಬಿಡಬಾರದೆಂಬುದು ನಿಜ. ಆದರೆ ಕುಲಾವಿ, ಮಫ್ಲರುಗಳನ್ನು ಸುತ್ತಿ ಮನೆಯೊಳಗೇ ಕೂರಿಸುವುದರಿಂದ ರಕ್ಷಣೆ ದೊರೆಯುತ್ತದೆಂಬುದು ನಂಬಿಕೆ ಮಾತ್ರ. ಚೆನ್ನೈಯ ಹವೆಯಲ್ಲಿ ಆ ಉಡುಪಿನೊಳಗೆ ಮಗು ಬೆವರುವುದೇ ಹೆಚ್ಚು.

ಹಾಗಾದರೆ ಹೋಗುವುದೆಲ್ಲಿಗೆ? ಮೇಲೆ ಸೂರು ಇರಬೇಕು, ಚಾವಣಿ ಎತ್ತರವಾಗಿ ಗಾಳಿಯಾಡಬೇಕು, ನೆಲ ಜಾರಬಾರದು, ಜನಸಂದಣಿ ಇರಬಾರದು, ಪ್ರವೇಶಕ್ಕೆ ಹಣ ತೆರಬೇಕಾಗಿರಬಾರದು. ಇಷ್ಟು ಷರತ್ತುಗಳನ್ನು ಪೂರೈಸುವ ಸ್ಥಳ ಮಹಾನಗರದಲ್ಲಿ ಉಂಟೇ ಎಂದು ಸಂದೇಹ ಬರಬಹುದು. ಉಂಟು. ಅವುಗಳಲ್ಲಿ ಮೊದಲನೆಯ ಸ್ಥಾನ ಕೋಟ್ಟೂರ್‌ಪುರದ ಅಣ್ಣಾ ಶತಮಾನೋತ್ಸವ ಗ್ರಂಥಾಲಯಕ್ಕೆ ಸಲ್ಲಬೇಕು.

2010ರ ಸೆಪ್ಟೆಂಬರ್ 15ರಂದು ಆರಂಭವಾದ ಈ ಬೃಹತ್ ಗ್ರಂಥಾಲಯದಲ್ಲಿ ಕುಳಿತು ಓದಲು ಯಾರಿಗೂ ಶುಲ್ಕವಿಲ್ಲ. ಮಕ್ಕಳಿಗಾಗಿಯೇ ವಿಶಾಲವಾದ ಒಂದು ವಿಭಾಗವನ್ನು ಮೀಸಲಿರಿಸಿ, ಅದರ ನಡುವೆ ದೊಡ್ಡದೊಂದು ಕೃತಕ ಮರವನ್ನು ನಿಲ್ಲಿಸಲಾಗಿದೆ. ಎರಡು ವರ್ಷದ ಮಗು ಪುಸ್ತಕ ಓದುವುದಿಲ್ಲವೆಂಬುದು ಎಲ್ಲರಿಗೂ ತಿಳಿದದ್ದೇ. ಅದು ಪುಸ್ತಕವನ್ನು ತೆರೆಯುತ್ತದೆ, ಮುಚ್ಚುತ್ತದೆ, ತಲೆಕೆಳಗಾಗಿ ಹಿಡಿಯುತ್ತದೆ, ಆನೆಯ ಚಿತ್ರವನ್ನು ಕಂಡು ಕೂಗುತ್ತದೆ. ಮರದ ಬುಡವನ್ನು ನಾಲ್ಕು ಸಲ ಸುತ್ತುತ್ತದೆ. ಅಜ್ಜಿಗೆ ಪುಸ್ತಕದ ಇಂಗ್ಲಿಷಾಗಲಿ ತಮಿಳಾಗಲಿ ಓದಲು ಬಾರದಿದ್ದರೆ ಬಾಧಕವಿಲ್ಲ. ಚಿತ್ರವನ್ನು ತೋರಿಸಿ ಕನ್ನಡದಲ್ಲಿ ಕಥೆ ಕಟ್ಟಿದರೆ ಸಾಕು. ಮಗುವಿನ ಮಾತು ಬೆಳೆಯುವುದು ಎದುರಿಗಿರುವ ವ್ಯಕ್ತಿಯೊಡನೆ ನಡೆಯುವ ಕೊಡುಕೊಳ್ಳುವಿಕೆಯಿಂದ. ಮಗು ಬೆರಳು ತೋರಬೇಕು, ದೊಡ್ಡವರು ಹೆಸರು ಹೇಳಬೇಕು, ಮಗು ಅದನ್ನು ಒಡೆದು ಹಿಂದಿರುಗಿಸಬೇಕು. ಮನೆಯಲ್ಲಿ ಹೆಸರಿಸಲು ಇರುವ ವಸ್ತುಗಳು ವಾರದೊಳಗೆ ಮುಗಿದುಹೋಗುತ್ತವೆ. ಹೊರಗೆ ಹೋದಷ್ಟೂ ಹೊಸ ಹೆಸರು. ತಮಿಳು ಮತ್ತು ಇಂಗ್ಲಿಷುಗಳು ಬೀದಿಯಿಂದ ಶಾಲೆಯಿಂದ ತಾವಾಗಿಯೇ ಬರುತ್ತವೆ. ಕನ್ನಡ ಮಾತ್ರ ಈ ಒಂದು ದಾರಿಯಿಂದಲೇ ಬರಬೇಕಾಗಿದೆ.

ಈ ಕಟ್ಟಡಕ್ಕೆ ಸಂಬಂಧಿಸಿದ ಒಂದು ಪ್ರಕರಣ ಇಲ್ಲಿ ಸ್ಮರಣಾರ್ಹ. 2011ರ ನವೆಂಬರಿನಲ್ಲಿ ಅಂದಿನ ರಾಜ್ಯ ಸರ್ಕಾರವು ಗ್ರಂಥಾಲಯವನ್ನು ಬೇರೆಡೆಗೆ ಸಾಗಿಸಿ, ಇಲ್ಲಿ ಮಕ್ಕಳ ವಿಶೇಷ ಚಿಕಿತ್ಸೆಯ ಆಸ್ಪತ್ರೆಯನ್ನು ಸ್ಥಾಪಿಸುವುದಾಗಿ ಪ್ರಕಟಿಸಿತು. ವಿಷಯವು ಮದರಾಸು ಉಚ್ಚ ನ್ಯಾಯಾಲಯಕ್ಕೆ ಹೋಗಿ ತಡೆಯಾಜ್ಞೆ ದೊರೆಯಿತು, ಗ್ರಂಥಾಲಯ ಉಳಿಯಿತು. ಮಕ್ಕಳ ಆಸ್ಪತ್ರೆ ಬೇಡವೆನ್ನುವವರು ಯಾರೂ ಇರಲಾರರು. ಆದರೆ ಆರೋಗ್ಯವಂತ ಮಗುವಿಗೆ ಮಳೆಯ ದಿನ ಓಡಾಡಲು ಒಂದು ಸೂರು ಬೇಕೆಂಬುದೂ ಆರೋಗ್ಯಕ್ಕೆ ಸಂಬಂಧಿಸಿದ ವಿಷಯವೇ.

ಅಲ್ಲಿಗೆ ಹೋಗುವ ದಾರಿಯೂ ಮಗುವಿಗೆ ಅಷ್ಟೇ ಮುಖ್ಯ. ಮೈಲಾಪುರದವರು ತಿರುಮಯಿಲೈ ನಿಲ್ದಾಣದಲ್ಲಿ ಕಂಬಗಳ ಮೇಲೆ ಸಾಗುವ ಎಂ.ಆರ್.ಟಿ.ಎಸ್. ರೈಲನ್ನು ಹತ್ತಿದರೆ ಮಂದವೇಲಿ ಮತ್ತು ಗ್ರೀನ್‌ವೇಸ್ ರಸ್ತೆ ನಿಲ್ದಾಣಗಳನ್ನು ದಾಟಿ ಕೋಟ್ಟೂರ್‌ಪುರದಲ್ಲಿ ಇಳಿಯಬಹುದು. ರೈಲಿನಲ್ಲಿ ಐದು ವರ್ಷದೊಳಗಿನ ಮಗುವಿಗೆ ಟಿಕೆಟ್ಟಿಲ್ಲ, ದೊಡ್ಡವರಿಗೆ ಅಲ್ಪ ದರ. ಕೋಟ್ಟೂರ್‌ಪುರಕ್ಕೆ ಮುಂಚೆ ರೈಲು ಅಡಯಾರು ನದಿಯನ್ನು ದಾಟುತ್ತದೆ. ಬೇಸಿಗೆಯಲ್ಲಿ ನೋಡಲು ಮನಸ್ಸಾಗದ ಆ ನೀರು ಮಳೆಗಾಲದಲ್ಲಿ ದಡ ತುಂಬಿ ಹರಿಯುತ್ತಿರುತ್ತದೆ. 2015ರ ಡಿಸೆಂಬರಿನಲ್ಲಿ ಇದೇ ನದಿ ಉಕ್ಕಿ ಕೋಟ್ಟೂರ್‌ಪುರದ ಮನೆಗಳಿಗೆ ನುಗ್ಗಿದ್ದನ್ನು ನಗರವು ಮರೆತಿಲ್ಲ. ಮಗುವಿಗೆ ಅದಾವುದೂ ತಿಳಿಯದು. ನೀರು, ಸೇತುವೆ, ಕೊಕ್ಕರೆ ಎಂಬ ಮೂರು ಮಾತು ಅದಕ್ಕೆ ಸಾಕು. ಈ ನಿಲ್ದಾಣಗಳು ದೊಡ್ಡವು, ಕಚೇರಿಯ ಹೊತ್ತು ಕಳೆದ ಮೇಲೆ ಬಹುಮಟ್ಟಿಗೆ ಖಾಲಿ. ಮೆಟ್ಟಿಲುಗಳು ಬಹಳವಾದ್ದರಿಂದ ತಳ್ಳುಗಾಡಿಗಿಂತ ಕಂಕುಳೇ ಅನುಕೂಲ.

ಡಿಸೆಂಬರಿನ ಮಧ್ಯಭಾಗದಿಂದ ಜನವರಿಯ ಮೊದಲ ದಿನಗಳವರೆಗೆ ಚೆನ್ನೈಯಲ್ಲಿ ಇನ್ನೊಂದು ಸೌಲಭ್ಯ ದೊರೆಯುತ್ತದೆ. ಅದೇ ಮಾರ್ಗಳಿಯ ಸಂಗೀತೋತ್ಸವ. 1927ರಲ್ಲಿ ಇಲ್ಲಿ ನಡೆದ ಕಾಂಗ್ರೆಸ್ ಅಧಿವೇಶನದ ಜೊತೆಗೆ ಸೇರಿದ ಸಂಗೀತ ಸಮ್ಮೇಳನದ ಫಲವಾಗಿ 1928ರಲ್ಲಿ ಮ್ಯೂಸಿಕ್ ಅಕಾಡೆಮಿ ಹುಟ್ಟಿತು. ಅದರ ಈಗಿನ ಸಭಾಂಗಣವನ್ನು 1962ರಲ್ಲಿ ಉದ್ಘಾಟಿಸಿದವರು ಮೈಸೂರಿನ ಜಯಚಾಮರಾಜ ಒಡೆಯರು. ರಾತ್ರಿಯ ಪ್ರಮುಖ ಕಚೇರಿಗಳಿಗೆ ಟಿಕೆಟ್ಟು ಇರುತ್ತದೆ. ಆದರೆ ಹಲವು ಸಭೆಗಳಲ್ಲಿ ಬೆಳಗಿನ ಮತ್ತು ಮಧ್ಯಾಹ್ನದ ಕಚೇರಿಗಳಿಗೆ ಪ್ರವೇಶ ಉಚಿತ. ಉದಯೋನ್ಮುಖ ಗಾಯಕರು ಹಾಡುವ ಆ ಹೊತ್ತಿನಲ್ಲಿ ಕುರ್ಚಿಗಳು ಅರ್ಧಕ್ಕರ್ಧ ಖಾಲಿ. ಎರಡು ವರ್ಷದ ಮಗು ಇಪ್ಪತ್ತು ನಿಮಿಷ ಕುಳಿತರೆ ಅದೇ ದೊಡ್ಡದು. ಬಾಗಿಲಿಗೆ ಹತ್ತಿರವಾದ ಕೊನೆಯ ಸಾಲಿನಲ್ಲಿ, ಧ್ವನಿವರ್ಧಕದಿಂದ ದೂರವಾಗಿ ಕುಳಿತು, ಮಗು ರಾಗ ತೆಗೆಯುವ ಮುನ್ನ ಎದ್ದುಬಂದರೆ ಗಾಯಕರಿಗೂ ಕ್ಷೇಮ. ಎಳೆಯ ಮಕ್ಕಳನ್ನು ಒಳಗೆ ಬಿಡದಿರುವ ಸಭೆಗಳೂ ಇರುವುದರಿಂದ ಮೊದಲೇ ವಿಚಾರಿಸಬೇಕು. ಕಚೇರಿಯ ಕೊನೆಗೆ ಪುರಂದರದಾಸರ ದೇವರನಾಮವೊಂದು ಬಂದರೆ ಅಜ್ಜಿಯ ಮುಖ ಅರಳುವುದನ್ನು ಮಗು ಗಮನಿಸದೆ ಇರುವುದಿಲ್ಲ.

ಮಠಮಂದಿರಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ತಿರುವಲ್ಲಿಕ್ಕೇಣಿಯ ರಾಘವೇಂದ್ರಸ್ವಾಮಿಗಳ ಮಠವನ್ನು ಕನ್ನಡಿಗರಿಗೆ ಪರಿಚಯಿಸುವ ಅಗತ್ಯವಿಲ್ಲ. ಗುರುವಾರದ ಸಂದಣಿಯನ್ನು ಬಿಟ್ಟು ಬೇರೆ ದಿನ ಹೋಗಬೇಕೆಂಬುದಷ್ಟೇ ಸೂಚನೆ. ಮೈಲಾಪುರದ ರಾಮಕೃಷ್ಣ ಮಠದಲ್ಲಿ 2000ದಲ್ಲಿ ಪ್ರತಿಷ್ಠಾಪಿತವಾದ ದೇವಾಲಯದ ಪ್ರಾರ್ಥನಾ ಮಂದಿರ ವಿಶಾಲವಾದದ್ದು, ಆದರೆ ಅಲ್ಲಿಯ ಮೌನಕ್ಕೆ ಒಗ್ಗುವ ಮಗು ವಿರಳ. ಡಿಸೆಂಬರಿನ ಕೊನೆಯಲ್ಲಿ ಸಾಂತೋಮ್ ಬೆಸಿಲಿಕಾದಂಥ ಚರ್ಚುಗಳಲ್ಲಿ ಹೂಡುವ ಗೋದಲಿಯ ಕುರಿಮರಿಗಳು ಎಲ್ಲ ಮತದ ಮಕ್ಕಳಿಗೂ ಪ್ರಿಯ. ಗ್ರೀಮ್ಸ್ ರಸ್ತೆಯಲ್ಲಿರುವ ಲಲಿತಕಲಾ ಅಕಾಡೆಮಿಯ ಪ್ರಾದೇಶಿಕ ಕೇಂದ್ರದಲ್ಲಿ ಚಿತ್ರಪ್ರದರ್ಶನವಿದ್ದರೆ ನೋಡಲು ಹಣ ಕೊಡಬೇಕಾಗಿಲ್ಲ. ಕೈಯನ್ನು ಮಾತ್ರ ಬಿಡಬಾರದು. 1851ರಲ್ಲಿ ಸ್ಥಾಪಿತವಾದ ಎಗ್ಮೋರಿನ ವಸ್ತುಸಂಗ್ರಹಾಲಯದಲ್ಲಿ ತಿಮಿಂಗಿಲದ ಅಸ್ಥಿಪಂಜರವುಂಟು, ಟಿಕೆಟ್ಟೂ ಉಂಟು.

ಮಾಲುಗಳಿಗೆ ಪ್ರವೇಶ ಶುಲ್ಕವಿಲ್ಲವೆಂದು ಅವುಗಳನ್ನು ಉಚಿತದ ಪಟ್ಟಿಗೆ ಸೇರಿಸುವವರಿದ್ದಾರೆ. ಲೆಕ್ಕ ಬರೆದು ನೋಡಿದರೆ ನಿಜಾಂಶ ತಿಳಿಯುತ್ತದೆ. ಆಟೋ ಬಾಡಿಗೆ, ಜೋಳದ ಅರಳು, ನಾಣ್ಯ ಹಾಕಿದರೆ ಕುಣಿಯುವ ಕುದುರೆ, ಅತ್ತು ಪಡೆದ ಬಲೂನು ಇವೆಲ್ಲ ಖರ್ಚಿನ ಕಡೆಗೆ ಸೇರಿದಾಗ ಇದರಷ್ಟು ದುಬಾರಿಯಾದ ಉಚಿತ ಬೇರೆ ಇಲ್ಲ. ಜೊತೆಗೆ ರಜಾದಿನದ ಸಂದಣಿ ಮತ್ತು ಹೊರಗಾಳಿ ಕಾಣದ ವಾತಾವರಣ. ವಾರದ ನಡುವಿನ ಬೆಳಿಗ್ಗೆ, ಅಂಗಡಿಗಳು ಆಗತಾನೇ ತೆರೆಯುವಾಗ ಮಗುವನ್ನು ನಡೆಸಲು ಆ ಅಂಗಳಗಳು ಒಳ್ಳೆಯವೇ. ಎಸ್ಕಲೇಟರಿನ ಮೇಲೆ ಮಗುವನ್ನು ಎತ್ತಿಕೊಂಡೇ ನಿಲ್ಲಬೇಕು. ಮೆತ್ತನೆಯ ರಬ್ಬರಿನ ಪಾದರಕ್ಷೆಗಳ ತುದಿ ಅದರ ಅಂಚಿಗೆ ಸಿಕ್ಕಿಕೊಳ್ಳುವ ಅಪಾಯವಿದೆ. ಹಿಂದಿನ ತಲೆಮಾರಿಗೆ ಉಡುಪಿಯ ಕಡೆಯಿಂದ ಬಂದ ಕೆ. ಕೃಷ್ಣರಾಯರು 1962ರಲ್ಲಿ ತೆರೆದ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ಇತ್ತು. ಒಂದು ಲೋಟ ಕಾಫಿಯ ಬೆಲೆಗೆ ಸಂಜೆಯೆಲ್ಲ ಕುಳಿತಿರಬಹುದಾಗಿತ್ತು. 2008ರಲ್ಲಿ ಅದು ಮುಚ್ಚಿತು. ಅಲ್ಲೀಗ ಸೆಮ್ಮೊಳಿ ಪೂಂಗಾ ಎಂಬ ಉದ್ಯಾನವಿದೆ.

ಹೊರಡಬಾರದ ದಿನಗಳೂ ಇವೆ. ನುಂಗಂಬಾಕ್ಕದ ಪ್ರಾದೇಶಿಕ ಹವಾಮಾನ ಕೇಂದ್ರವು ಕಿತ್ತಳೆ ಅಥವಾ ಕೆಂಪು ಎಚ್ಚರಿಕೆ ನೀಡಿದ ದಿನ ಬಾಗಿಲು ದಾಟುವ ಮಾತೇ ಇಲ್ಲ. 2023ರ ಡಿಸೆಂಬರಿನ ಮಿಚಾಂಗ್ ಚಂಡಮಾರುತದ ಅನುಭವ ಇನ್ನೂ ಹಸಿಯಾಗಿದೆ. ಮಳೆ ನಿಂತ ಮೇಲೂ ಬೀದಿಯಲ್ಲಿ ನಿಂತ ನೀರಿನಲ್ಲಿ ಮಗುವನ್ನು ಇಳಿಸಬಾರದು. ತೆರೆದ ಚರಂಡಿ, ತುಂಡಾದ ವಿದ್ಯುತ್ ತಂತಿಗಳಲ್ಲದೆ ಇಲಿಜ್ವರದ ರೋಗಾಣುವೂ ಅಂಥ ನೀರಿನಿಂದ ಬರುತ್ತದೆ. ಡೆಂಗಿಯನ್ನು ಹರಡುವ ಈಡಿಸ್ ಸೊಳ್ಳೆ ತಿಳಿನೀರಿನಲ್ಲಿ ಹುಟ್ಟಿ ಹಗಲಿನಲ್ಲಿಯೇ ಕಚ್ಚುವುದಾದ್ದರಿಂದ ತೋಳು ಕಾಲು ಮುಚ್ಚುವ ತೆಳು ಹತ್ತಿಯ ಬಟ್ಟೆ ತೊಡಿಸಬೇಕು. ಜ್ವರ, ಭೇದಿ, ಕೆಮ್ಮು ಇರುವ ಮಗು ಮನೆಯಲ್ಲಿಯೇ ಇರಲಿ, ಬೇರೆ ಮಕ್ಕಳ ಹಿತಕ್ಕಾಗಿಯಾದರೂ. ದಡಾರದ ಚುಚ್ಚುಮದ್ದು ಒಂಬತ್ತನೆಯ ತಿಂಗಳಲ್ಲಿ ಮತ್ತು 16ರಿಂದ 24 ತಿಂಗಳೊಳಗೆ ಆಗಿದೆಯೇ ಎಂಬುದನ್ನು ನೋಡಿಕೊಳ್ಳಬೇಕು. ಇನ್‌ಫ್ಲುಯೆಂಜಾ ಲಸಿಕೆಯ ಬಗ್ಗೆ ಮಕ್ಕಳ ವೈದ್ಯರನ್ನು ಕೇಳುವುದು ಉಚಿತ.

ಚೀಲದಲ್ಲಿ ಕಾಯಿಸಿ ಆರಿಸಿದ ನೀರು, ಒಂದು ಬಾಳೆಹಣ್ಣು, ಎರಡು ಜೊತೆ ಬಟ್ಟೆ, ಡಯಾಪರ್, ಸಣ್ಣ ಟವೆಲು, ಸಾಬೂನಿನ ತುಂಡು. ಇಷ್ಟಿದ್ದರೆ ಸಾಕು. ಬೆಳಗಿನ ಹತ್ತಕ್ಕೆ ಹೊರಟು ಹನ್ನೆರಡೂವರೆಯ ಒಳಗೆ ಮನೆ ಸೇರುವಂತಿರಲಿ. ಒಂದು ದಿನಕ್ಕೆ ಒಂದೇ ಸ್ಥಳ. ಬಂದೊಡನೆ ಅಜ್ಜಿ ಮೊಮ್ಮಗು ಇಬ್ಬರೂ ಸಾಬೂನಿನಿಂದ ಕೈ ತೊಳೆದು, ಮೊಸರನ್ನ ಉಂಡು ಮಲಗಿದರೆ ಎರಡು ಗಂಟೆಯವರೆಗೆ ಇಬ್ಬರೂ ಏಳುವುದಿಲ್ಲ. ಸಂಜೆ ಕಚೇರಿಯಿಂದ ಬಂದ ತಾಯಿಗೆ ಮಗು ಬಾಗಿಲಿನಲ್ಲಿಯೇ ಆ ದಿನದ ವರದಿಯನ್ನು ಒಪ್ಪಿಸುತ್ತದೆ: "ಅಮ್ಮ, ಲೈಲು. ನೀಲು. ಕೊಕ್ಕಲೆ."